ಟ್ರಂಕಿನ ತಳದ ಫಾರಂ ನಂಬರ್ 7
ಹೆಂಚಿನ ಮನೆ ಕೆಡವಿ ಆರ್‌ಸಿಸಿ ಹಾಕಿಸುವಾಗ ತೀರಿಕೊಂಡ ಯಜಮಾನರ ಟ್ರಂಕು ಹೊರಬರುತ್ತದೆ. ಕೈಗಡಿಯಾರ ಮಗನಿಗೆ, ಗೆದ್ದಲು ಹಿಡಿದ ಕಾಗದ ಬಚ್ಚಲ ಒಲೆಗೆ. ನಾವು ಹಳ್ಳಿ ಸುತ್ತುವಾಗ ಕಾಣುವುದು ಇದೇ. ಸುಟ್ಟುಹೋಗುವುದು ನಮ್ಮ ಚರಿತ್ರೆ.

1974ರ ಮಾರ್ಚ್ 1ರಂದು ದೇವರಾಜ ಅರಸು ಸರ್ಕಾರದ ಭೂಸುಧಾರಣಾ ತಿದ್ದುಪಡಿ ಜಾರಿಗೆ ಬಂತು. ಗೇಣಿದಾರರು ಫಾರಂ ನಂಬರ್ 7ರಲ್ಲಿ ಭೂನ್ಯಾಯಮಂಡಳಿಗೆ ಅರ್ಜಿ ಕೊಟ್ಟರು. ಕೊನೆಯ ದಿನ 1979ರ ಜೂನ್ 30. ಗೆದ್ದವರ ಕೈಗೆ ಫಾರಂ ನಂಬರ್ 10 ಬಂತು. ಅರ್ಜಿ ಬಹುಪಾಲು ಗಂಡಸರ ಹೆಸರಲ್ಲಿ. ನಾಟಿ ಹಾಕಿದ, ಕಳೆ ಕಿತ್ತ ಹೆಂಡತಿಯ ಹೆಸರಿಲ್ಲ.

1956ರ ಹಿಂದೂ ಉತ್ತರಾಧಿಕಾರ ಕಾಯ್ದೆಯಲ್ಲಿ ವಿಧವೆಯೂ ಒಂದನೇ ವರ್ಗದ ವಾರಸುದಾರಳು. ಪೌತಿ ಖಾತೆಗೆ ಹೋದಾಗ ಜಮೀನು ಹೇಗೆ ಬಂತೆಂದು ಹೇಳುವುದು ಆ ಕಾಗದವೇ. ಗಾರೆಯವರು ಬರುವ ಮುಂಚೆ ಅದನ್ನು ಅಜ್ಜಿಗೆ ಓದಿ ಹೇಳೋಣ.