ಊರು ಬಿಟ್ಟವರ ಲೆಕ್ಕ

ಸಾಗರದ ಕಡೆಯಿಂದ ವರದಹಳ್ಳಿಗೆ ಬಂದು ಶ್ರೀಧರಸ್ವಾಮಿಗಳ ಆಶ್ರಮದ ಗುಡ್ಡವನ್ನೇರುವ ವೃದ್ಧರನ್ನು ಊರು ಯಾವುದೆಂದು ವಿಚಾರಿಸಿದರೆ, ಈಗಿರುವ ಊರನ್ನು ಹೇಳಿ, ಕ್ಷಣಕಾಲ ಸುಮ್ಮನಿದ್ದು, "ಮೂಲ ಮಾತ್ರ ಮುಳುಗಡೆಯೊಳಗೆ" ಎಂದು ಸೇರಿಸುವವರು ಇಂದಿಗೂ ಸಿಕ್ಕುವರು. 1964ರಲ್ಲಿ ಲಿಂಗನಮಕ್ಕಿಯ ಅಣೆಕಟ್ಟು ಪೂರ್ಣಗೊಂಡು ಶರಾವತಿಯ ನೀರು ಸಾಗರ, ಹೊಸನಗರ ಸೀಮೆಯ ಗದ್ದೆ, ತೋಟ, ದೇವಸ್ಥಾನಗಳ ಮೇಲೆ ನಿಂತಾಗ ಎತ್ತಂಗಡಿಯಾದ ಸಂಸಾರಗಳ ಮಾತದು. ಇಂಥ ಸ್ಥಾನಾಂತರವನ್ನು ಎಣಿಸುವ ಶಾಸ್ತ್ರವು ನಮ್ಮಲ್ಲಿ ಹೇಗೆ ಬೆಳೆಯಿತು, ಆ ಎರಡನೆಯ ಉತ್ತರಕ್ಕೆ ಅದರಲ್ಲಿ ಎಡೆಯೆಷ್ಟು ಎಂಬುದೇ ಇಲ್ಲಿಯ ವಿಚಾರ.

ಆಶ್ರಯವೆಂಬುದು ಈ ನಾಡಿಗೆ ಅಪರಿಚಿತವಲ್ಲ. ಔರಂಗಜೇಬನ ಸೇನೆಯಿಂದ ತಪ್ಪಿಸಿಕೊಂಡು ಬಂದ ಶಿವಾಜಿಯ ಮಗ ರಾಜಾರಾಮನಿಗೆ 1689ರಲ್ಲಿ ಅಭಯವಿತ್ತವಳು ಕೆಳದಿಯ ಚೆನ್ನಮ್ಮಾಜಿ. ಆದರೆ ಚರಿತ್ರೆಯು ಅರಸುಮಗನನ್ನು ನೆನೆಯುವಂತೆ ಅನಾಮಧೇಯರನ್ನು ನೆನೆಯದು. ಅವರಿಗೆ ಗಣತಿಯೇ ಗತಿ. ಮೈಸೂರು ಸಂಸ್ಥಾನದ ಕ್ರಮಬದ್ಧವಾದ ಖಾನೇಷುಮಾರಿ 1871ರಲ್ಲಿ ನಡೆಯಿತು. 1881ರಲ್ಲಿ ಜನ್ಮಸ್ಥಳದ ಪ್ರಶ್ನೆ ಬಂದಿತು. ಅದೇ ಬಗೆಯ ಅಂಕಿಗಳಿಂದಲೇ ರಾವೆನ್‌ಸ್ಟೈನ್ ಎಂಬ ಪಂಡಿತನು 1885ರಲ್ಲಿ ಇಂಗ್ಲೆಂಡಿನಲ್ಲಿ ವಲಸೆಯ ನಿಯಮಗಳನ್ನು ನಿರೂಪಿಸಿದನು. ಆದರೆ 1931ರವರೆಗೆ ನಮ್ಮ ಗಣತಿಯು ಒಂದೇ ರಾತ್ರಿಯ ಕಾರ್ಯವಾಗಿದ್ದುದರಿಂದ, ಅಡಿಕೆಯ ಕೊನೆ ಕೊಯ್ಲಿಗೆಂದು ಘಟ್ಟದ ಕೆಳಗಿನಿಂದ ಬಂದ ಕೂಲಿಯವನು ಆ ರಾತ್ರಿ ಇಲ್ಲಿ ಮಲಗಿದ್ದರೆ ಮಲೆನಾಡಿನವರ ಎಣಿಕೆಯಲ್ಲಿ ಸೇರುತ್ತಿದ್ದನು, ಹಿಂದಿನ ದಿನವೇ ಘಟ್ಟವಿಳಿದಿದ್ದರೆ ಅವನ ದುಡಿಮೆಯ ಗುರುತೂ ಇಲ್ಲಿ ಉಳಿಯುತ್ತಿರಲಿಲ್ಲ.

ಸ್ವಾತಂತ್ರ್ಯಾನಂತರ ಪ್ರಶ್ನೆಗಳು ಸೂಕ್ಷ್ಮವಾದವು. 1961ರಲ್ಲಿ ವಾಸದ ಅವಧಿ, 1971ರಲ್ಲಿ ಹಿಂದಿನ ವಾಸಸ್ಥಳ, 1981ರಲ್ಲಿ ಬಂದ ಕಾರಣ ಹೀಗೆ ಒಂದೊಂದಾಗಿ ಸೇರಿದವು. ಕಾರಣಗಳ ಪಟ್ಟಿಯನ್ನು ನಾನು ಎಷ್ಟು ಸಲ ಓದಿದರೂ ಮನಸ್ಸು ಅಲ್ಲಿಯೇ ನಿಲ್ಲುತ್ತದೆ: ಉದ್ಯೋಗ, ವಿದ್ಯಾಭ್ಯಾಸ, ವಿವಾಹ, ಕುಟುಂಬದೊಡನೆ ಬಂದುದು, ಇತರೆ. ಸರ್ಕಾರವೇ ಅಣೆ ಕಟ್ಟಿ, ಸರ್ಕಾರವೇ ಲಾರಿ ತರಿಸಿ, ಒಲೆಯ ಬೂದಿ ಆರುವ ಮುನ್ನ ಎಬ್ಬಿಸಿದ ಸಂಸಾರವು ಈ ಪಟ್ಟಿಯಲ್ಲಿ "ಇತರೆ" ಎಂಬ ಮೂರಕ್ಷರದೊಳಗೆ ಅಡಗಬೇಕಾಯಿತು. ಅಭಿವೃದ್ಧಿ ಯೋಜನೆಯಿಂದ ನಿರ್ವಸಿತರಾದವರೆಂಬ ಪ್ರತ್ಯೇಕ ಕಾರಣವನ್ನು 2007–08ರ ರಾಷ್ಟ್ರೀಯ ಮಾದರಿ ಸಮೀಕ್ಷೆಯು ಕೇಳಿತು. ಅದು ಶ್ಲಾಘ್ಯವಾದರೂ, ದೇಶವ್ಯಾಪಿಯಾದ ಮಾದರಿ ಸಮೀಕ್ಷೆಯಲ್ಲಿ ಒಂದು ತಾಲ್ಲೂಕಿನ ದುಃಖ ಕಾಣುವಂತಿಲ್ಲ.

ಸಂಗ್ರಹದ ಕೊರತೆಗಿಂತಲೂ ಹಂಚಿಕೆಯ ಕೊರತೆ ಕ್ರೂರವಾದುದು. ಮುಳುಗಡೆಯವರಲ್ಲಿ ಅನೇಕರಿಗೆ ಕಾಡಂಚಿನಲ್ಲಿ ನೆಲ ತೋರಿಸಲಾಯಿತು. ಕಂದಾಯದ ಕಡತದಲ್ಲಿ ಅದು ಪುನರ್ವಸತಿ, ಅರಣ್ಯದ ಕಡತದಲ್ಲಿ ಅರಣ್ಯ. ಎರಡು ಕಡತಗಳೂ ಒಂದೇ ಮೇಜಿನ ಮೇಲೆ ಕೂಡದೆ ಅರ್ಧ ಶತಮಾನ ಕಳೆಯಿತು. ಮುಂದೆ ಆ ಭೂಮಿಯನ್ನು ಅರಣ್ಯದಿಂದ ಬಿಡಿಸಿದ ಆದೇಶವು, ಕೇಂದ್ರದ ಪೂರ್ವಾನುಮತಿಯಿಲ್ಲವೆಂಬ ಕಾರಣದಿಂದ 2021ರಲ್ಲಿ ಹೈಕೋರ್ಟಿನಲ್ಲಿ ರದ್ದಾಗಿ, ಮರುವರ್ಷ ಸರ್ಕಾರವು ಅಂಥ ಉಳಿದ ಆದೇಶಗಳನ್ನೂ ಹಿಂದಕ್ಕೆ ಪಡೆಯಿತು. ಮೊಮ್ಮಕ್ಕಳ ಕಾಲಕ್ಕೂ ಪಹಣಿಯಲ್ಲಿ ಹೆಸರಿಲ್ಲ.

ಇದೇ ಕರ್ನಾಟಕದಲ್ಲಿ ಬೈಲುಕುಪ್ಪೆ, ಮುಂಡಗೋಡುಗಳಲ್ಲಿ ನೆಲೆಸಿದ ಟಿಬೆಟ್ಟಿನ ನಿರಾಶ್ರಿತರು ತಮ್ಮ ಗಣತಿಯನ್ನು 1998ರಲ್ಲಿಯೂ 2009ರಲ್ಲಿಯೂ ತಾವೇ ನಡೆಸಿಕೊಂಡರು. ಎರಡನೆಯದರಲ್ಲಿ ಭಾರತದಲ್ಲಿದ್ದವರು 94,203 ಮಂದಿಯೆಂದು ತಿಳಿದುಬಂದಿತು. ನಮ್ಮ ದೇಶವು 1951ರ ನಿರಾಶ್ರಿತರ ಒಡಂಬಡಿಕೆಗೆ ಸಹಿ ಹಾಕಿಲ್ಲ. ವಿಶ್ವಸಂಸ್ಥೆಯ ಅಂಕಿಅಂಶ ಆಯೋಗವು ನಿರಾಶ್ರಿತರ ಎಣಿಕೆಗೆ ಏಕರೂಪದ ಶಿಫಾರಸುಗಳನ್ನು ಒಪ್ಪಿದುದೇ 2018ರಲ್ಲಿ, ದೇಶದೊಳಗಣ ನಿರ್ವಸಿತರಿಗೆ 2020ರಲ್ಲಿ. ಅಷ್ಟರಲ್ಲಿ ಒಂದು ಜನಾಂಗವು ತನ್ನ ಲೆಕ್ಕವನ್ನು ತಾನೇ ಇಟ್ಟುಕೊಂಡಿತು. ಶರಾವತಿಯ ಮಕ್ಕಳಿಂದ ಇದಾಗಲಿಲ್ಲವೆಂಬುದು ನನ್ನ ಖೇದ. ಆದರೆ ಲೆಕ್ಕವನ್ನು ಹಂಚುವಾಗ ಎಚ್ಚರವೂ ಬೇಕು: ನಿರಾಶ್ರಿತನ ಹೆಸರು, ವಿಳಾಸ ಬೇಡದವರ ಕೈಸೇರಿದರೆ ಅಪಾಯವುಂಟು. ಹಂಚತಕ್ಕುದು ಮೊತ್ತವನ್ನೇ ಹೊರತು ಮನುಷ್ಯನ ಗುಟ್ಟನ್ನಲ್ಲ.

2011ರ ಗಣತಿಯು 45 ಕೋಟಿಗೂ ಮಿಕ್ಕಿದ ವಲಸಿಗರನ್ನು ಗುರುತಿಸಿತಾದರೂ ಅದರ ವಿವರವಾದ ಕೋಷ್ಟಕಗಳು ದಶಕದ ಕೊನೆಗೆ ಹೊರಬಿದ್ದವು. ಅರ್ಥಶಾಸ್ತ್ರಜ್ಞರು ಅಷ್ಟರಲ್ಲಿ ರೈಲಿನ ಸಾಮಾನ್ಯ ದರ್ಜೆಯ ಟಿಕೆಟುಗಳನ್ನೆಣಿಸಿ, ರಾಜ್ಯದಿಂದ ರಾಜ್ಯಕ್ಕೆ ವರ್ಷಕ್ಕೆ ಸುಮಾರು 90 ಲಕ್ಷ ಜನ ಹೋಗುವರೆಂದು ಅಂದಾಜಿಸಬೇಕಾಯಿತು. 2020ರ ಬೇಸಗೆಯ ಲಾಕ್‌ಡೌನಿನಲ್ಲಿ ಹೆದ್ದಾರಿಗಳಲ್ಲಿ ಊರಿಗೆ ನಡೆದ ವಲಸೆ ಕಾರ್ಮಿಕರನ್ನು ಕಂಡ ಮೇಲೆ, 2021ರ ಆಗಸ್ಟಿನಲ್ಲಿ, ಅಸಂಘಟಿತ ಕಾರ್ಮಿಕರ ಇ-ಶ್ರಮ್ ನೋಂದಣಿ ಆರಂಭವಾಯಿತು.

ಮುಂದಿನ ಜನಗಣತಿಯ ಗಣನಾ ದಿನ 2027ರ ಮಾರ್ಚ್ 1. ಸಾಗರ, ಹೊಸನಗರ, ತೀರ್ಥಹಳ್ಳಿಗಳ ಹಿರಿಯರಲ್ಲಿ ನನ್ನದೊಂದು ಬಿನ್ನಹ: ಗಣತಿದಾರನು ಜಗಲಿಯಲ್ಲಿ ಕುಳಿತು ಹುಟ್ಟಿದೂರನ್ನು ಕೇಳಿದಾಗ, ಸುಲಭವೆಂದು ಹತ್ತಿರದ ಪೇಟೆಯ ಹೆಸರನ್ನು ಹೇಳದಿರಿ, ನೀರಿನೊಳಗಿರುವ ಹಳ್ಳಿಯ ಹೆಸರನ್ನೇ ಹೇಳಿ, ಬಂದ ಕಾರಣ ಮುಳುಗಡೆಯೆಂದು ತಿಳಿಸಿ, ಅವನು ಬರೆದುಕೊಳ್ಳುವವರೆಗೆ ಅವನನ್ನು ಎದ್ದುಹೋಗಗೊಡಬೇಡಿ.