ಕಪ್ಪಿಗೆ ಹೋಗುವ ಎರಡು ದಾರಿ

ನೋಡಿ, ಆರ್‌ಸಿಬಿಗೆ ಕಪ್ ಬರೋದಕ್ಕೆ 18 ವರ್ಷ ಯಾಕೆ ಬೇಕಾಯ್ತು ಅಂತ ಯಾರನ್ನಾದರೂ ಕೇಳಿ. ಮೊದಲು ಬರುವ ಉತ್ತರ ಹಣೆಬರಹ. ಎರಡನೆಯದು ಯಾರದೋ ದೃಷ್ಟಿ. ಮೂರನೆಯದು ಬೌಲಿಂಗ್. ಹಾವೇರಿ ಬಸ್ ಸ್ಟ್ಯಾಂಡಿನಲ್ಲಿ ಕೇಳಿದರೂ ಇದೇ, ರಾಣೆಬೆನ್ನೂರಿನ ಚಹಾ ಅಂಗಡಿಯಲ್ಲಿ ಕೇಳಿದರೂ ಇದೇ. ನಮ್ಮ ಟಿವಿಗಳ ಕಥೆ ಬಿಡಿ. ಏಪ್ರಿಲ್ ಬಂತು ಅಂದ್ರೆ ಸಾಕು, ಪಂಚಾಂಗ ಹಿಡಿದವರು ಸ್ಟುಡಿಯೋದಲ್ಲಿ ಕೂತು ನಾಯಕನ ರಾಶಿಗೆ ಶನಿ ಎಲ್ಲಿದ್ದಾನೆ ಅಂತ ಹುಡುಕುತ್ತಾರೆ.

ನಾನು ಓದಿದ್ದು ಎಂಜಿನಿಯರಿಂಗ್. ಶನಿ ಎಲ್ಲಿದ್ದಾನೋ ನನಗೆ ತಿಳಿಯದು, ಆದರೆ ಕೂಡಿ ಕಳೆಯೋದು ಗೊತ್ತು. ಕಪ್ ಬಂದಾಯ್ತು, ಪಟಾಕಿ ಹೊಡೆದಾಯ್ತು. ಈಗಲಾದರೂ ಕೂತು ಲೆಕ್ಕ ತೆಗೆಯೋಣ. ಯಾಕಂದ್ರೆ ಈ 18 ವರ್ಷದ ಕಥೆಯಲ್ಲಿ ಹಣೆಬರಹಕ್ಕಿಂತ ದೊಡ್ಡ ಪಾತ್ರ ಮಾಡಿದ್ದು ಪ್ಲೇಆಫ್ ಅನ್ನೋ ವ್ಯವಸ್ಥೆ. ಅದರ ಬಗ್ಗೆ ನಾವು ಮಾತಾಡಿದ್ದು ಕಡಿಮೆ.

ನಮ್ಮ ರಾಣೆಬೆನ್ನೂರಿನ ಕಡೆ ಟೆನಿಸ್ ಬಾಲ್ ಟೂರ್ನಮೆಂಟ್ ನೋಡಿದವರಿಗೆ ನಾಕೌಟ್ ಅಂದ್ರೇನು ಅಂತ ಹೇಳಬೇಕಾಗಿಲ್ಲ. ಎಂಟ್ರಿ ಫೀ ಕಟ್ಟು, ಆಡು. ಸೋತೆಯಾ, ಬ್ಯಾಟು ಬೈಕಿಗೆ ಕಟ್ಟಿಕೊಂಡು ಊರಿಗೆ ಹೋಗು. ಐಪಿಎಲ್ ಕೂಡ ಮೊದಲ ಮೂರು ವರ್ಷ, ಅಂದ್ರೆ 2008ರಿಂದ 2010ರವರೆಗೆ, ಲೀಗ್ ಮುಗಿದ ಮೇಲೆ ಹೆಚ್ಚು ಕಡಿಮೆ ಹೀಗೇ ಇತ್ತು. ಮೇಲಿನ ನಾಲ್ಕು ತಂಡ, ಎರಡು ಸೆಮಿಫೈನಲ್, ಒಂದು ಫೈನಲ್. 2009ರಲ್ಲಿ ಲೀಗ್ ಪಟ್ಟಿಯ ತಲೆಯಲ್ಲಿ ಕೂತಿದ್ದು ಡೆಲ್ಲಿ ಡೇರ್‌ಡೆವಿಲ್ಸ್. ನಾಲ್ಕನೆಯ ಜಾಗದಲ್ಲಿ ಡೆಕ್ಕನ್ ಚಾರ್ಜರ್ಸ್. ಸೆಮಿಫೈನಲ್‌ನಲ್ಲಿ ಆಡಂ ಗಿಲ್‌ಕ್ರಿಸ್ಟ್ 35 ಎಸೆತಕ್ಕೆ 85 ಚಚ್ಚಿದ. ತಿಂಗಳುಗಟ್ಟಲೆ ಚೆನ್ನಾಗಿ ಆಡಿದ ಡೆಲ್ಲಿ ಒಂದೇ ಸಂಜೆಯಲ್ಲಿ ಮನೆಗೆ.

ಫೈನಲ್‌ನಲ್ಲಿ ಆ ಡೆಕ್ಕನ್ ಎದುರು ಸಿಕ್ಕಿದ್ದು ನಾವೇ. 2009ರ ಮೇ 24, ಜೋಹಾನ್ಸ್‌ಬರ್ಗ್. ಅನಿಲ್ ಕುಂಬ್ಳೆ ನಾಯಕ. ಮೊದಲ ಓವರ್ ತಾನೇ ಹಾಕಿ ಗಿಲ್‌ಕ್ರಿಸ್ಟನ್ನು ಸೊನ್ನೆಗೆ ಕಳಿಸಿದರು. 4 ಓವರ್, 16 ರನ್, 4 ವಿಕೆಟ್. ಡೆಕ್ಕನ್ ಮಾಡಿದ್ದು 143. ನಾವು 137ಕ್ಕೆ ನಿಂತೆವು, 6 ರನ್ ಸೋಲು. ಆ ರಾತ್ರಿ ಆಡಿದ 11 ಜನರಲ್ಲಿ ಕುಂಬ್ಳೆ, ದ್ರಾವಿಡ್, ಉತ್ತಪ್ಪ, ಮನೀಶ್ ಪಾಂಡೆ, ದಾವಣಗೆರೆಯ ವಿನಯ್ ಕುಮಾರ್, ಹೀಗೆ ಐವರು ಕರ್ನಾಟಕದ ರಣಜಿ ಆಟಗಾರರು. ನಮ್ಮ ಕಡೆಯವರಿಗೆ ವಿನಯ್ ಅಂದ್ರೆ ಪಕ್ಕದೂರಿನ ಹುಡುಗ. ಆರ್‌ಸಿಬಿ 'ನಮ್ದೇ' ಆಗಿದ್ದು ಆ ತಂಡದಿಂದ ಅಂತ ನನ್ನ ಅಭಿಪ್ರಾಯ. ಆಮೇಲಾಮೇಲೆ ಕನ್ನಡದ ಹೆಸರುಗಳು ಕಡಿಮೆ ಆದವು, ಅಭಿಮಾನ ಮಾತ್ರ ಜಾಸ್ತಿ ಆಯ್ತು. ಅದೊಂದು ಬೇರೆಯೇ ವಿಚಿತ್ರ.

2011ಕ್ಕೆ ನಿಯಮ ಬದಲಾಯ್ತು. ಇಲ್ಲಿಂದ ಸ್ವಲ್ಪ ಗಮನ ಕೊಡಿ. ಹೊಸ ಪದ್ಧತಿಯ ಹೆಸರು ಪೇಜ್ ಪ್ಲೇಆಫ್. ಪೇಜ್ ಅಂದ್ರೆ ಪುಟ ಅಲ್ಲ, ಒಬ್ಬ ಮನುಷ್ಯನ ಹೆಸರು. ಪರ್ಸಿ ಪೇಜ್ ಅಂತ, ಆಸ್ಟ್ರೇಲಿಯಾದವರು. ಮೆಲ್ಬೋರ್ನಿನ ಫುಟ್‌ಬಾಲ್ ಲೀಗ್ 1931ರಲ್ಲೇ ಇದನ್ನು ಜಾರಿಗೆ ತಂದಿತ್ತು. 80 ವರ್ಷ ಹಳೆಯ ಐಡಿಯಾವನ್ನು ನಾವು ಹೊಸದು ಅಂತ ತಂದುಕೊಂಡೆವು.

ಲೀಗ್‌ನಲ್ಲಿ 1, 2ನೇ ಸ್ಥಾನ ಪಡೆದವರು ಕ್ವಾಲಿಫೈಯರ್ 1 ಆಡಬೇಕು. ಗೆದ್ದವರು ಸೀದಾ ಫೈನಲ್. ಸೋತವರು ಮನೆಗೆ ಹೋಗಲ್ಲ, ಅವರಿಗೆ ಇನ್ನೊಂದು ಅವಕಾಶ ಇದೆ. 3, 4ನೆಯವರದು ಎಲಿಮಿನೇಟರ್. ಸೋತರೆ ಗಂಟುಮೂಟೆ. ಗೆದ್ದರೆ, ಮೊದಲ ಪಂದ್ಯ ಸೋತು ಕಾಯುತ್ತಿರುವ ತಂಡದ ಜೊತೆ ಕ್ವಾಲಿಫೈಯರ್ 2. ಅದನ್ನೂ ಗೆದ್ದರೆ ಫೈನಲ್.

ಈಗ ಲೆಕ್ಕ. ನಾಲ್ಕೂ ತಂಡ ಸಮಬಲದವು, ಪ್ರತಿ ಪಂದ್ಯ ನಾಣ್ಯ ಚಿಮ್ಮಿದ ಹಾಗೆ ಅಂತಿಟ್ಟುಕೊಳ್ಳಿ. ಹಳೆಯ ಸೆಮಿಫೈನಲ್ ಪದ್ಧತಿಯಲ್ಲಿ ಪ್ರತಿ ತಂಡಕ್ಕೂ ಕಪ್ ಗೆಲ್ಲುವ ಸಾಧ್ಯತೆ ನೂರಕ್ಕೆ 25. ಪೇಜ್ ಪದ್ಧತಿಯಲ್ಲಿ ಮೊದಲೆರಡು ತಂಡಗಳಿಗೆ ತಲಾ 37.5, ಕೆಳಗಿನ ಎರಡಕ್ಕೆ ತಲಾ 12.5. ಮೂರು ಪಟ್ಟು ವ್ಯತ್ಯಾಸ ಸ್ವಾಮಿ! ಟಿವಿಯಲ್ಲಿ ನಾವು 'ಪ್ಲೇಆಫ್‌ಗೆ ಎಂಟ್ರಿ' ಅಂತ ನಾಲ್ಕೂ ತಂಡಗಳಿಗೆ ಒಂದೇ ಬ್ಯಾನರ್ ಹಾಕುತ್ತೇವೆ. ಅವು ಒಂದೇ ಬಾಗಿಲಲ್ಲ.

ಇದು ಬ್ಯಾಡಗಿಯವರಿಗೆ ನನಗಿಂತ ಚೆನ್ನಾಗಿ ಗೊತ್ತು. ಮಾರುಕಟ್ಟೆಗೆ ಮೆಣಸಿನಕಾಯಿ ಚೀಲ ತಂದ ಇಬ್ಬರು ರೈತರನ್ನು ನೋಡಿ. ಕಾಯಿ ಒಂದೇ, ಬಣ್ಣ ಒಂದೇ. ಟೆಂಡರ್‌ನಲ್ಲಿ ರೇಟು ಬಿತ್ತು. ಒಬ್ಬನ ಕೈಯಲ್ಲಿ ಸ್ವಲ್ಪ ದುಡ್ಡಿದೆ. ಈ ರೇಟಿಗೆ ಕೊಡಲ್ಲ ಅಂತ ಚೀಲ ಎತ್ತಿ ಕೋಲ್ಡ್ ಸ್ಟೋರೇಜಿಗೆ ಹಾಕುತ್ತಾನೆ, ರೇಟು ಏರಿದಾಗ ತೆಗೆಯುತ್ತಾನೆ. ಅವನಿಗೆ ಕ್ವಾಲಿಫೈಯರ್ 2 ಇದೆ. ಇನ್ನೊಬ್ಬನಿಗೆ ಸಾಲದ ಕಂತು, ಲಾರಿ ಬಾಡಿಗೆ, ಆಳಿನ ಕೂಲಿ ಎಲ್ಲಾ ಇವತ್ತೇ ಆಗಬೇಕು. ಅವನದು ಎಲಿಮಿನೇಟರ್. 2024ರ ಮಾರ್ಚ್ 11ರ ಸೋಮವಾರ ರೇಟು ಕುಸಿಯಿತು ಅಂತ ಸಿಟ್ಟಿಗೆದ್ದ ರೈತರು ಬ್ಯಾಡಗಿ ಎಪಿಎಂಸಿಯ ಕಚೇರಿಗೂ ವಾಹನಗಳಿಗೂ ಬೆಂಕಿ ಇಟ್ಟಿದ್ದನ್ನು ನೀವೆಲ್ಲ ನೋಡಿದ್ದೀರಿ. ಬೆಂಕಿ ಇಟ್ಟಿದ್ದು ಸರಿ ಅಂತ ನಾನು ಹೇಳ್ತಿಲ್ಲ. ಎರಡನೇ ಅವಕಾಶ ಇರುವವನು, ಇಲ್ಲದವನು ಒಂದೇ ಅಂಗಳದಲ್ಲಿ ನಿಂತಾಗ ಏನಾಗುತ್ತೆ ಅಂತ ಹೇಳ್ತಿದ್ದೀನಿ.

ಈಗ ಆರ್‌ಸಿಬಿಯ ಖಾತೆ ಪುಸ್ತಕ ತೆಗೆಯೋಣ. 18 ಸೀಸನ್‌ಗಳಲ್ಲಿ 10 ಸಲ ಕೊನೆಯ ನಾಲ್ಕರೊಳಗೆ ಬಂದಿದೆ. 2009, 2010 ಹಳೆಯ ಪದ್ಧತಿ. ಹೊಸ ಪದ್ಧತಿ ಬಂದ ಮೇಲೆ 8 ಸಲ. ಆ ಎಂಟರಲ್ಲಿ ಐದು ಸಲ, ಅಂದ್ರೆ 2015, 2020, 2021, 2022, 2024ರಲ್ಲಿ, 3ನೇ ಅಥವಾ 4ನೇ ಜಾಗದಿಂದ ಒಳಗೆ ಬಂದಿದ್ದು. ಐದೂ ಸಲ ಫೈನಲ್ ತಲುಪಲಿಲ್ಲ. ಮೊದಲ ಎರಡರಲ್ಲಿ ಬಂದಿದ್ದು ಮೂರೇ ಸಲ: 2011, 2016, 2025. ಮೂರೂ ಸಲ ಫೈನಲ್! ಇದರಲ್ಲಿ ಶನಿ ಎಲ್ಲಿ ಬಂದ ಹೇಳಿ?

ಆರ್‌ಸಿಬಿ ಒಂದೇ ಅಲ್ಲ. 2011ರಿಂದ 2025ರವರೆಗೆ 15 ಚಾಂಪಿಯನ್ನರು. ಕಾಗದದ ಲೆಕ್ಕದಲ್ಲಿ ಅದರಲ್ಲಿ ಮೂರ್ನಾಲ್ಕು ಮಂದಿಯಾದರೂ ಎಲಿಮಿನೇಟರ್ ದಾರಿಯಲ್ಲಿ ಬಂದಿರಬೇಕಿತ್ತು. ನಿಜದಲ್ಲಿ ಬಂದಿದ್ದು ಒಂದೇ ತಂಡ, ಒಂದೇ ಸಲ: 2016ರ ಸನ್‌ರೈಸರ್ಸ್ ಹೈದರಾಬಾದ್. ಅದೂ ಯಾರನ್ನು ಸೋಲಿಸಿ? ಗೊತ್ತಲ್ಲ.

2016 ಸುಮ್ಮನೆ ದಾಟಿ ಹೋಗುವ ವರ್ಷ ಅಲ್ಲ. ವಿರಾಟ್ ಕೊಹ್ಲಿ ಆ ಸೀಸನ್‌ನಲ್ಲಿ 4 ಶತಕ, 973 ರನ್. ಲೀಗ್‌ನ ಕೊನೆಯ ನಾಲ್ಕೂ ಪಂದ್ಯ ಗೆದ್ದು 16 ಅಂಕದೊಂದಿಗೆ ಎರಡನೇ ಸ್ಥಾನ. ಹೈದರಾಬಾದಿಗೂ 16 ಅಂಕವೇ. ನೆಟ್ ರನ್‌ರೇಟಿನಲ್ಲಿ ನಾವು ಮೇಲೆ, ಅವರು ಕೆಳಗೆ. ಕ್ವಾಲಿಫೈಯರ್ 1ರಲ್ಲಿ ಗುಜರಾತ್ ಲಯನ್ಸ್ ಎದುರು 29 ರನ್ನಿಗೆ 5 ವಿಕೆಟ್ ಹೋಗಿತ್ತು. ಎ.ಬಿ. ಡಿವಿಲಿಯರ್ಸ್ ನಿಂತು 79 ಹೊಡೆದು ಗೆಲ್ಲಿಸಿದ. ಮೇ 29ಕ್ಕೆ ಫೈನಲ್, ನಮ್ಮದೇ ಚಿನ್ನಸ್ವಾಮಿಯಲ್ಲಿ. ಹೈದರಾಬಾದ್ 208. ಗೇಲ್ 38 ಎಸೆತಕ್ಕೆ 76. ಹತ್ತೂವರೆ ಓವರಿಗೆ 114, ಒಂದೂ ವಿಕೆಟ್ ಇಲ್ಲ. ಅಲ್ಲಿಂದ 8 ರನ್ನಿನಿಂದ ಸೋತರು.

ಬ್ಯಾಡಗಿಯ ದಲಾಲಿ ಅಂಗಡಿಯೊಂದರಲ್ಲಿ ಲೆಕ್ಕ ಬರೆಯುವ ನನ್ನ ಸೋದರಮಾವ ಒಬ್ಬರಿದ್ದಾರೆ. ಮಾರನೇ ದಿನ ಫೋನಿನಲ್ಲಿ ನಾನು 'ನಮ್ಮ ಹಣೆಬರಹಾನೇ ಇಷ್ಟು ಮಾವ' ಅಂದೆ. ಅವರು ಬೈದರು. 'ಹಣೆಬರಹ ಅಲ್ಲೋ ತಮ್ಮಾ. ವಾಟ್ಸನ್ ನಾಕ್ ಓವರಿಗೆ ಅರವತ್ತೊಂದು ಕೊಟ್ಟಾನ. ಕಡೀ ಓವರ್‌ದಾಗ ಇಪ್ಪತ್ನಾಕು. ಸೋತಿದ್ದು ಎಂಟಕ್ಕ. ಅದನ್ನ ಯಾವ ಖಾತೇದಾಗ ಬರೀತಿ?' ನಮ್ಮ ಕ್ರಿಕೆಟ್ ಪಂಡಿತರ ಎಷ್ಟೋ ಗಂಟೆಗಳ ಚರ್ಚೆಗಿಂತ ಈ ನಾಲ್ಕು ಮಾತು ನನಗೆ ನೆಟ್ಟಗೆ ಕಂಡಿತು.

ಅದೇ 2016ರಲ್ಲಿ ದೂರದ ಅಮೆರಿಕದಲ್ಲಿ ಇನ್ನೊಂದು ಕಾಯುವಿಕೆ ಮುಗಿಯಿತು. ಅಲ್ಲಿಯ ಬೇಸ್‌ಬಾಲ್‌ನಲ್ಲಿ ಶಿಕಾಗೋ ಕಬ್ಸ್ ಅಂತ ತಂಡ. 1908ರಲ್ಲಿ ಕಪ್ ಗೆದ್ದಿದ್ದು ಬಿಟ್ಟರೆ ಮತ್ತೆ ಇಲ್ಲ. 108 ವರ್ಷ! ನಮ್ಮ 18 ಯಾವ ಲೆಕ್ಕ? ಅವರ ಕಡೆ ಅದಕ್ಕೊಂದು ಶಾಪದ ಕಥೆಯೂ ಇತ್ತು. 1945ರಲ್ಲಿ ಹೋಟೆಲಿನವನೊಬ್ಬ ತನ್ನ ಮೇಕೆಯನ್ನು ಮೈದಾನಕ್ಕೆ ಕರೆತಂದನಂತೆ, ಹೊರಗೆ ಹಾಕಿದರಂತೆ, ಅವನು ಶಾಪ ಹಾಕಿದನಂತೆ. ದೃಷ್ಟಿ ತಗಲೋದು ನಮ್ಮಲ್ಲಿ ಮಾತ್ರ ಅಂದುಕೊಳ್ಳಬೇಡಿ. ಕೊನೆಗೆ ಶಾಪ ಕಳೆದಿದ್ದು ಹೇಗೆ? ಆ ವರ್ಷ ಲೀಗ್‌ನಲ್ಲಿ 103 ಪಂದ್ಯ ಗೆದ್ದು ಎಲ್ಲರಿಗಿಂತ ಮೇಲೆ ನಿಂತು ಪ್ಲೇಆಫ್‌ಗೆ ಬಂದರು. ಅವರ ಫೈನಲ್ ಒಂದೇ ಪಂದ್ಯವಲ್ಲ, ಏಳರಲ್ಲಿ ನಾಲ್ಕು ಗೆಲ್ಲಬೇಕು. ಕಬ್ಸ್ ಮೊದಲ ನಾಲ್ಕರಲ್ಲಿ ಮೂರು ಸೋತರು, ಆಮೇಲಿನ ಮೂರೂ ಗೆದ್ದರು. ನೂರಕ್ಕೆ 60ರಷ್ಟು ಗೆಲ್ಲುವ ತಾಕತ್ತಿರುವ ತಂಡಕ್ಕೆ ಒಂದೇ ಪಂದ್ಯದ ಫೈನಲ್‌ನಲ್ಲಿ ಸಾಧ್ಯತೆ 60. ಏಳು ಪಂದ್ಯದ ಸರಣಿಯಾದರೆ 71. ಆಟ ಉದ್ದವಾದಷ್ಟೂ ಒಳ್ಳೆಯ ತಂಡಕ್ಕೆ ಅನುಕೂಲ. ನಮ್ಮದು ಮೂರೂವರೆ ಗಂಟೆಯಲ್ಲಿ ಮುಗಿಯುವ ಆಟ, ಹಾಗಾಗಿ ಲೀಗ್‌ನಲ್ಲಿ ಮೇಲೆ ನಿಲ್ಲೋದೇ ಇರುವ ಒಂದು ರಕ್ಷಣೆ.

ಇದು ಗೊತ್ತಿದ್ದರೆ 2024ರ ಸಂಭ್ರಮವೂ ಬೇರೆ ಥರ ಕಾಣುತ್ತೆ. ಮೊದಲ 8ರಲ್ಲಿ 7 ಸೋತು, ಆಮೇಲೆ ಸತತ 6 ಗೆದ್ದರು. ಮೇ 18ರ ರಾತ್ರಿ ಚೆನ್ನೈಯನ್ನು 27 ರನ್ನಿನಿಂದ ಸೋಲಿಸಿದಾಗ ಊರೂರಲ್ಲಿ ಪಟಾಕಿ. ಆದರೆ ಸಿಕ್ಕಿದ್ದು ನಾಲ್ಕನೇ ಜಾಗ, 12.5ರ ಬಾಗಿಲು. ನಾಲ್ಕೇ ದಿನಕ್ಕೆ ರಾಜಸ್ಥಾನ ಮನೆಗೆ ಕಳಿಸಿತು. ಕಪ್ಪೇ ಗೆದ್ದಷ್ಟು ಕುಣಿದಿದ್ದೆವು. ಅದಕ್ಕೆ ಎರಡು ತಿಂಗಳ ಮುಂಚೆ, ಮಾರ್ಚ್ 17ಕ್ಕೆ, ಸ್ಮೃತಿ ಮಂದಾನ ತಂಡ ನಿಜವಾದ ಕಪ್ಪನ್ನೇ ತಂದಿತ್ತು. ಎಲಿಮಿನೇಟರ್‌ನಲ್ಲಿ ಮುಂಬೈ ಎದುರು 5 ರನ್ನಿನ ಗೆಲುವು, ಫೈನಲ್‌ನಲ್ಲಿ ಡೆಲ್ಲಿಯನ್ನು 113ಕ್ಕೆ ಕಟ್ಟಿ ಹಾಕಿ 8 ವಿಕೆಟ್ ಗೆಲುವು. ನಮ್ಮ ಶ್ರೇಯಾಂಕಾ ಪಾಟೀಲ್ 12 ರನ್ನಿಗೆ 4 ವಿಕೆಟ್. ಹೆಣ್ಣುಮಕ್ಕಳು ಕಷ್ಟದ ದಾರಿಯಲ್ಲೇ ಬಂದು ಗೆದ್ದರು. ಆದರೂ 'ಆರ್‌ಸಿಬಿಗೆ ಕಪ್ಪೇ ಬಂದಿಲ್ಲ' ಅನ್ನೋ ಮಾತು ಮತ್ತೊಂದು ವರ್ಷ ನಡೆಯಿತು ನೋಡಿ.

2025. ಯುದ್ಧದ ವಾತಾವರಣಕ್ಕೆ ಮೇ ತಿಂಗಳಲ್ಲಿ ಲೀಗ್ ವಾರದ ಮಟ್ಟಿಗೆ ನಿಂತು, 17ಕ್ಕೆ ಮತ್ತೆ ಶುರುವಾಯ್ತು. ಪಂಜಾಬಿಗೂ ನಮಗೂ 19 ಅಂಕ, ರನ್‌ರೇಟಿನಲ್ಲಿ ಅವರು ಮೊದಲು, ನಾವು ಎರಡನೆಯವರು. ಕ್ವಾಲಿಫೈಯರ್ 1 ಮೇ 29ಕ್ಕೆ. ಪಂಜಾಬ್ 101ಕ್ಕೆ ಆಲೌಟ್, ನಾವು 10 ಓವರಿಗೆ ಮುಗಿಸಿದೆವು. ಜೂನ್ 3, ಅಹಮದಾಬಾದ್. ರಜತ್ ಪಾಟೀದಾರ್ ನಾಯಕ. ನಮ್ಮದು 190. ಕೃಣಾಲ್ ಪಾಂಡ್ಯ 4 ಓವರಿಗೆ ಬರೀ 17 ಕೊಟ್ಟು 2 ವಿಕೆಟ್ ತೆಗೆದ. ಕೊನೆಯ ಓವರಿಗೆ 29 ಬೇಕಿತ್ತು. ಹೇಜಲ್‌ವುಡ್‌ನ ಮೊದಲೆರಡು ಎಸೆತ ಖಾಲಿ, ಆಮೇಲೆ ಶಶಾಂಕ್ ಸಿಂಗ್ 6, 4, 6, 6. ಅಂತರ 6 ರನ್. ಜೋಹಾನ್ಸ್‌ಬರ್ಗ್‌ನಲ್ಲಿ ಸೋತಷ್ಟೇ ರನ್ನು. ಈ ಸಲ ಆಡಿದವರಲ್ಲಿ ಕರ್ನಾಟಕದವನು ಮಯಾಂಕ್ ಅಗರ್‌ವಾಲ್ ಒಬ್ಬನೇ. ಕೊಹ್ಲಿ ಎರಡೂ ಫೈನಲ್‌ನಲ್ಲಿದ್ದ.

ಮರುದಿನ ಜೂನ್ 4. ತಂಡ ಬೆಂಗಳೂರಿಗೆ ಬಂತು, ವಿಧಾನಸೌಧದ ಮೆಟ್ಟಿಲ ಮೇಲೆ ಸನ್ಮಾನ, ಆಮೇಲೆ ಚಿನ್ನಸ್ವಾಮಿ. ನೆಟ್ ರನ್‌ರೇಟನ್ನು ದಶಾಂಶದ ಮೂರು ಅಂಕಿವರೆಗೆ ಬಾಯಿಪಾಠ ಹೇಳುವ ನಾಡಿದು. ಅವತ್ತು ಸಂಜೆ ಮುಖ್ಯಮಂತ್ರಿ ಸಿದ್ದರಾಮಯ್ಯ ಕೊಟ್ಟ ಲೆಕ್ಕ ಕೇಳಿ: ಕ್ರೀಡಾಂಗಣದ ಸಾಮರ್ಥ್ಯ 35,000, ಬಂದವರು 2ರಿಂದ 3 ಲಕ್ಷ. ಇಷ್ಟು ಅಗಲದ ಗೇಟಿನಲ್ಲಿ ನಿಮಿಷಕ್ಕೆ ಎಷ್ಟು ಜನ ಹಾಯಬಹುದು ಅನ್ನೋದು ಸಾಧಾರಣ ಸಿವಿಲ್ ವಿದ್ಯಾರ್ಥಿ ಒಂದು ಹಾಳೆಯಲ್ಲಿ ಮಾಡಿಕೊಡುವ ಲೆಕ್ಕ. ಮುನ್ನಾದಿನ ಅದನ್ನು ಮಾಡಿ ಯಾರ ಮೇಜಿನ ಮೇಲೆ ಇಡಬೇಕಿತ್ತು? ಸರ್ಕಾರ, ಪೊಲೀಸರು, ಕ್ರಿಕೆಟ್ ಸಂಸ್ಥೆ, ಫ್ರಾಂಚೈಸಿ ಒಬ್ಬರ ಕಡೆ ಒಬ್ಬರು ಬೆರಳು ತೋರಿಸಿದರು. ಗೇಟಿನ ಹತ್ತಿರ 11 ಜನ ಸತ್ತರು, 50ಕ್ಕೂ ಹೆಚ್ಚು ಜನ ಗಾಯಗೊಂಡರು. ಸತ್ತವರಲ್ಲಿ ಹೆಚ್ಚಿನವರು ಹದಿಹರೆಯದವರು, ಇಪ್ಪತ್ತರ ಆಸುಪಾಸಿನವರು. ಎಲ್ಲರಿಗಿಂತ ಚಿಕ್ಕ ಮಗು 2008ರಲ್ಲಿ, ಈ ಕಾಯುವಿಕೆ ಶುರುವಾದಾಗ, ಇನ್ನೂ ಹುಟ್ಟಿರಲಿಲ್ಲ.