ಸೆಪ್ಟಿಕ್ ಶಾಕ್ ಮತ್ತು ಪ್ಲಾಸ್ಮಾ ವಿನಿಮಯ ಚಿಕಿತ್ಸೆ: ಸಾರ್ವಜನಿಕರ ಮಾಹಿತಿಗಾಗಿ

1. ಸೆಪ್ಟಿಕ್ ಶಾಕ್ ಎಂದರೇನು?
ಸೋಂಕಿಗೆ ಶರೀರವು ತೋರುವ ಪ್ರತಿಕ್ರಿಯೆಯು ಮಿತಿಮೀರಿ ತನ್ನದೇ ಅಂಗಾಂಗಗಳಿಗೆ ಹಾನಿಯುಂಟುಮಾಡುವ ಸ್ಥಿತಿಯೇ ಸೆಪ್ಸಿಸ್, ಅಂದರೆ ನಂಜೇರುವಿಕೆ. ಸಾಕಷ್ಟು ದ್ರವ ನೀಡಿದ ಮೇಲೂ ರಕ್ತದೊತ್ತಡ ಕಾಯಲು ಔಷಧವು ಅನಿವಾರ್ಯವಾಗಿ, ರಕ್ತದ ಲ್ಯಾಕ್ಟೇಟ್ ಪ್ರಮಾಣವು ಲೀಟರಿಗೆ 2 ಮಿಲಿಮೋಲ್ ಮೀರಿದ್ದಲ್ಲಿ ಅದನ್ನು ಸೆಪ್ಟಿಕ್ ಶಾಕ್ ಎಂದು ಪರಿಗಣಿಸಲಾಗುತ್ತದೆ (2016ರ ಅಂತರರಾಷ್ಟ್ರೀಯ ವ್ಯಾಖ್ಯೆ).

2. ರಕ್ತನಾಳದ ಒಳಪದರಕ್ಕೆ ಆಗುವ ಹಾನಿ
ರಕ್ತನಾಳಗಳ ಒಳಮೈಯಲ್ಲಿ ಒಂದೇ ಸಾಲಿನ ತೆಳು ಜೀವಕೋಶಗಳ ಪದರವಿದ್ದು, ಅದರ ಮೇಲೆ ಸಕ್ಕರೆ ಅಂಶದ ರಕ್ಷಣಾ ಲೇಪವಿರುತ್ತದೆ. ನಂಜಿನಿಂದ ಈ ಲೇಪ ಕಳಚಿದಾಗ ರಕ್ತದ ದ್ರವಾಂಶವು ಹೊರಗೆ ಸೋರಿ ಊತ ಉಂಟಾಗುತ್ತದೆ ಹಾಗೂ ರಕ್ತದೊತ್ತಡ ಕುಸಿಯುತ್ತದೆ. ಹೆಪ್ಪುಗಟ್ಟುವಿಕೆಯನ್ನು ಹತೋಟಿಯಲ್ಲಿಡುವ ಎಡಿಎಎಂಟಿಎಸ್-13 ಎಂಬ ಕಿಣ್ವವೂ ಕಡಿಮೆಯಾಗಿ, ಸೂಕ್ಷ್ಮ ನಾಳಗಳಲ್ಲಿ ರಕ್ತ ಹೆಪ್ಪುಗಟ್ಟುತ್ತದೆ. ಇದರಿಂದ ಮೂತ್ರಪಿಂಡ, ಶ್ವಾಸಕೋಶ ಮುಂತಾದ ಅಂಗಗಳು ಸೋಲುತ್ತವೆ.

3. ಪ್ಲಾಸ್ಮಾ ವಿನಿಮಯ
ಯಂತ್ರದ ಮೂಲಕ ರೋಗಿಯ ಪ್ಲಾಸ್ಮಾವನ್ನು ಬೇರ್ಪಡಿಸಿ ತೆಗೆದು, ಆರೋಗ್ಯವಂತ ದಾನಿಗಳ ಪ್ಲಾಸ್ಮಾವನ್ನು ನೀಡಲಾಗುತ್ತದೆ. ಹಾನಿಕಾರಕ ವಸ್ತುಗಳನ್ನು ಹೊರತೆಗೆಯುವುದು ಮತ್ತು ಕೊರತೆಯಾದ ರಕ್ಷಕ ಅಂಶಗಳನ್ನು ತುಂಬುವುದು ಇದರ ಉದ್ದೇಶ. ವಯಸ್ಕರಿಗೆ ಒಂದು ಬಾರಿಗೆ ಸುಮಾರು 3 ಲೀಟರ್, ಅಂದರೆ ಹಲವು ದಾನಿಗಳ ಪ್ಲಾಸ್ಮಾ ಬೇಕಾಗುತ್ತದೆ. ಅಲರ್ಜಿ, ಕ್ಯಾಲ್ಸಿಯಂ ಇಳಿಕೆ ಮುಂತಾದ ಅಡ್ಡಪರಿಣಾಮಗಳ ಸಾಧ್ಯತೆಯುಂಟು.

4. ಚಿಕಿತ್ಸೆಯ ಸ್ಥಿತಿಗತಿ
ಜರ್ಮನಿಯಲ್ಲಿ 40 ರೋಗಿಗಳ ಮೇಲೆ ನಡೆದು 2022ರಲ್ಲಿ ಪ್ರಕಟವಾದ ಪ್ರಯೋಗದಲ್ಲಿ, ರಕ್ತದೊತ್ತಡದ ಔಷಧದ ಅಗತ್ಯವು ಕಡಿಮೆಯಾದುದು ಕಂಡುಬಂದಿತು. ಆದರೆ ಸಾವಿನ ಪ್ರಮಾಣ ತಗ್ಗುವುದೆಂದು ಅದರಿಂದ ಸಿದ್ಧಪಟ್ಟಿಲ್ಲ. ಆದುದರಿಂದ ಇದು ಸಾಮಾನ್ಯ ಚಿಕಿತ್ಸೆಯಲ್ಲ. ಆಯ್ದ ರೋಗಿಗಳಿಗೆ ತಜ್ಞರು ನಿರ್ಧರಿಸತಕ್ಕದ್ದು. ಇದಕ್ಕಾಗಿ ಆಸ್ಪತ್ರೆಯಿಂದ ಆಸ್ಪತ್ರೆಗೆ ಅಲೆದು, ಮೊದಲ ಗಂಟೆಯೊಳಗೆ ನೀಡಬೇಕಾದ ಪ್ರತಿಜೀವಕ ಔಷಧ ಹಾಗೂ ದ್ರವ ಚಿಕಿತ್ಸೆಯನ್ನು ತಡಮಾಡಬಾರದು.

5. ತಕ್ಷಣದ ಕ್ರಮ
ಸೋಂಕಿನೊಂದಿಗೆ ಗೊಂದಲ, ಉಸಿರಾಟದ ವೇಗ, ಮೂತ್ರ ಕಡಿಮೆಯಾಗುವುದು, ಕೈಕಾಲು ತಣ್ಣಗಾಗುವುದು ಕಂಡುಬಂದಲ್ಲಿ ಕೂಡಲೇ 108ಕ್ಕೆ ಕರೆಮಾಡತಕ್ಕದ್ದು. ಚಾಮರಾಜಪೇಟೆ, ಬಸವನಗುಡಿ ಭಾಗದವರಿಗೆ ಕೃಷ್ಣರಾಜೇಂದ್ರ ಮಾರುಕಟ್ಟೆ ಬಳಿಯ, 1900ರಲ್ಲಿ ಆರಂಭವಾದ ವಿಕ್ಟೋರಿಯಾ ಆಸ್ಪತ್ರೆಯೂ, ಮಲ್ಲೇಶ್ವರದವರಿಗೆ ಕೆ.ಸಿ. ಜನರಲ್ ಆಸ್ಪತ್ರೆಯೂ ಸಮೀಪದ ಸರ್ಕಾರಿ ಆಸ್ಪತ್ರೆಗಳಾಗಿರುತ್ತವೆ.

6. ವೆಚ್ಚ ಮತ್ತು ದಾಖಲೆಗಳು
2018ರಲ್ಲಿ ಜಾರಿಗೆ ಬಂದ ಆಯುಷ್ಮಾನ್ ಭಾರತ್–ಆರೋಗ್ಯ ಕರ್ನಾಟಕ ಯೋಜನೆಯಡಿ ಬಿ.ಪಿ.ಎಲ್. ಕುಟುಂಬಗಳಿಗೆ ವಾರ್ಷಿಕ 5 ಲಕ್ಷ ರೂ.ವರೆಗೆ ಚಿಕಿತ್ಸಾ ಸೌಲಭ್ಯವಿದೆ. ಎ.ಪಿ.ಎಲ್. ಕುಟುಂಬಗಳಿಗೆ ಪ್ಯಾಕೇಜ್ ದರದ ಶೇ. 30ರಷ್ಟು ನೆರವು, ವಾರ್ಷಿಕ 1.5 ಲಕ್ಷ ರೂ. ಮಿತಿಗೊಳಪಟ್ಟು ದೊರೆಯುತ್ತದೆ. ಆಧಾರ್ ಮತ್ತು ಪಡಿತರ ಚೀಟಿಯೊಂದಿಗೆ ಆಸ್ಪತ್ರೆಯ ಆರೋಗ್ಯ ಮಿತ್ರರನ್ನು ಸಂಪರ್ಕಿಸಿ, ಸದರಿ ಚಿಕಿತ್ಸೆಯು ಯೋಜನೆಯ ವ್ಯಾಪ್ತಿಯಲ್ಲಿದೆಯೇ ಎಂಬುದನ್ನು ಮುಂಚಿತವಾಗಿಯೇ ಖಚಿತಪಡಿಸಿಕೊಳ್ಳುವುದು. ದಾಖಲೆ ತರಲು ಹೋಗುವ ನೆಪದಲ್ಲಿ ರೋಗಿಯನ್ನು ದಾಖಲು ಮಾಡುವುದು ತಡವಾಗದಂತೆ ನೋಡಿಕೊಳ್ಳತಕ್ಕದ್ದು.